ಸಭೆಯೆಲ್ಲ ಬೇಡಿಕೊಂಡ ಸೀಟು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರು ಐದನೆಯ ತರಗತಿಯ ಮಗುವನ್ನು ಪ್ರವೇಶ ಪರೀಕ್ಷೆಗೆ ಕೂರಿಸಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಇನ್ನೊಂದು ಮಾತು ಉದ್ದವಾಗುತ್ತಿತ್ತು.

ಪರೀಕ್ಷೆ ಭಾಲ್ಕಿ ದಾರಿಯಲ್ಲಿರುವ ಒಂದು ವಸತಿ ಶಾಲೆಯದು. ಆರನೆಯ ತರಗತಿಗೆ ಸೀಟು ಸಿಕ್ಕರೆ ಹನ್ನೆರಡನೆಯವರೆಗೆ ಚಿಂತೆಯಿಲ್ಲ. ಆದರೆ ಸೀಟುಗಳು ಬೆರಳೆಣಿಕೆಯವು, ಬರೆಯುವ ಮಕ್ಕಳು ಜಿಲ್ಲೆಯ ತುಂಬ. ನಾನು ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡ ಔರಾದ್ ತಾಲೂಕಿನ ಚಿಂತಾಕಿ ಕಡೆಯ ಶಾಲೆಯಲ್ಲಿ ಮಾಸ್ತರು, ಮನೆ ಕಾಣುವುದು ಶನಿವಾರ ಸಂಜೆ. ಹೀಗಾಗಿ ಮಗಳನ್ನು ತಯಾರು ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅರ್ಜಿ ಹಾಕಿದಾಗ ನಾವು ಅಷ್ಟೇನೂ ಯೋಚಿಸಿರಲಿಲ್ಲ. ಎಲ್ಲರೂ ಹಾಕುತ್ತಾರೆ, ನಾವೂ ಹಾಕಿದೆವು. ಗಂಟು ಬಿದ್ದದ್ದು ಚರ್ಚಿನಲ್ಲಿ. ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಪಾಸ್ಟರು, ಯಾರಿಗೆ ಏನು ಪ್ರಾರ್ಥನೆ ಬೇಕು ಎಂದು ಕೇಳುತ್ತಾರೆ. ಜ್ವರ ಬಂದವರು, ಹೆರಿಗೆಗೆ ಹೋದವರು, ವರ್ಗಾವಣೆ ಬೇಕಾದವರು ಎದ್ದು ಹೇಳುತ್ತಾರೆ, ಸಭೆ ಬೇಡಿಕೊಳ್ಳುತ್ತದೆ. ಒಂದು ಭಾನುವಾರ ನನ್ನ ಅತ್ತೆ ಎದ್ದರು. ಮಿಷನ್ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಅವರ ದನಿ ಹಿಂದಿನ ಬೆಂಚಿಗೂ ಮುಟ್ಟುತ್ತದೆ. ಮೊಮ್ಮಗಳು ಪರೀಕ್ಷೆಗೆ ಕೂಡುತ್ತಿದ್ದಾಳೆ, ಸೀಟು ಸಿಗುವಂತೆ ಬೇಡಿಕೊಳ್ಳಿರಿ ಎಂದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಅಲ್ಲಿಗೆ ಆ ಪರೀಕ್ಷೆ ನಮ್ಮದಾಗಿ ಉಳಿಯಲಿಲ್ಲ. ಪ್ರತಿ ವಾರದ ಪ್ರಾರ್ಥನೆಯಲ್ಲಿ ರೋಗಿಗಳದು ಮುಗಿದ ಮೇಲೆ, ಪ್ರಯಾಣಿಕರಿಗಿಂತ ಮೊದಲು, ನನ್ನ ಮಗಳ ಸರದಿ. ಕಾಯಿಪಲ್ಲೆ ಕೊಳ್ಳುವಾಗ ಯಾರೋ ತಡೆದು, ನಾವು ದಿನಾ ಪ್ರಾರ್ಥನೆ ಮಾಡುತ್ತಿದ್ದೇವೆ ಎನ್ನುತ್ತಿದ್ದರು. ವಾರ್ಡಿನಲ್ಲಿ ಸಲೈನ್ ಏರಿಸುವಾಗ ರೋಗಿಯೇ ನನ್ನ ಕೈ ಹಿಡಿದು, ಮಗು ಹೇಗೆ ಓದುತ್ತಿದೆ ಎಂದು ಕೇಳಿದ್ದೂ ಉಂಟು. ನಾನು ನಗುತ್ತಿದ್ದೆ. ಇಷ್ಟು ಜನ ಮೊಣಕಾಲೂರಿ ಬೇಡಿದ್ದನ್ನು ಈಗ ಬೇಡ ಎನ್ನುವುದು ಹೇಗೆ? ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಕೋಚಿಂಗ್ ಕ್ಲಾಸು ಗಾಂಧಿ ಗಂಜಿನ ಹಿಂದೆ, ಬೇಳೆ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಲಾರಿಯಿಂದ ತೊಗರಿ ಚೀಲ ಇಳಿಯುವಾಗ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಸೀನುತ್ತಿದ್ದರು. ಜನವಾಡದಿಂದ ಬಸ್ಸಿನಲ್ಲಿ ಬರುವ ಮಕ್ಕಳು ಬಾಗಿಲ ಬಳಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ನಾನು ಡ್ಯೂಟಿ ಮುಗಿಸಿ ಬಟ್ಟೆಯನ್ನೂ ಬದಲಿಸದೆ ಮಗಳನ್ನು ಮನೆಗೆ ತಂದು ಮತ್ತೆ ಓದಲು ಕೂರಿಸುತ್ತಿದ್ದೆ. ಕನ್ನಡಿಯಲ್ಲಿ ಚಿತ್ರ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ಎಷ್ಟು ತೂತು, ಇಂಥವೇ ಪ್ರಶ್ನೆ. ನಾನು ತಪ್ಪುತ್ತಿದ್ದೆ, ಅವಳು ತಪ್ಪುತ್ತಿರಲಿಲ್ಲ. ತಪ್ಪಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ನನ್ನದು ಮೊದಲೇ ಸಿಡುಕು ಸ್ವಭಾವ.

ಭಾಲ್ಕಿ ನನ್ನ ತವರು. ಒಮ್ಮೆ ಮಗಳೊಂದಿಗೆ ಅಲ್ಲಿಗೆ ಹೋಗುವಾಗ ನಮ್ಮ ಬಸ್ಸು ಆ ಶಾಲೆಯ ಮುಂದೆ ನಿಂತಿತು. ಅಂದು ತಂದೆತಾಯಿಗಳು ಬಂದು ಮಕ್ಕಳನ್ನು ಕಾಣುವ ದಿನ. ಬೇವಿನ ಮರದ ಕೆಳಗೆ ತಾಯಂದಿರು ಮಕ್ಕಳಿಗೆ ಉಣ್ಣಿಸುತ್ತಿದ್ದರು. ಗೇಟಿನ ಹತ್ತಿರ ಒಬ್ಬ ಹುಡುಗಿ ತಾಯಿಯ ಸೆರಗು ಹಿಡಿದು ಬಿಡುತ್ತಲೇ ಇರಲಿಲ್ಲ. ನನ್ನ ಮಗಳು ಮುಖ ಆಚೆ ತಿರುಗಿಸಿದವಳು ಭಾಲ್ಕಿ ಬರುವ ತನಕ ಈಚೆ ನೋಡಲಿಲ್ಲ. ನನಗೂ ಕಳಿಸುವ ಮನಸ್ಸಿರಲಿಲ್ಲ. ಹಾಗೆಂದು ಹೇಳುವ ಜಾಗ ಮಾತ್ರ ಮನೆಯಲ್ಲೂ ಇರಲಿಲ್ಲ, ಚರ್ಚಿನಲ್ಲೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ವಾರ ಚರ್ಚಿನವರು ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟರು. ಚಾಪೆ ಹಾಸಿ, ಕೀರ್ತನೆ ಹಾಡಿ, ಪಾಸ್ಟರು ಬೈಬಲ್ ವಚನ ಓದಿದ ಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು ನಮ್ಮ ಪದ್ಧತಿ. ಎಲ್ಲರದೂ ಆಯಿತು. ಕೊನೆಗೆ ಮಗುವೇ ಬೇಡಿಕೊಳ್ಳಲಿ ಎಂದರು ಪಾಸ್ಟರು. ಅವಳು ಕಣ್ಣು ಮುಚ್ಚಿ, ಈ ದಿನಕ್ಕಾಗಿ ಸ್ತೋತ್ರ, ಅಜ್ಜಿಯ ಮೊಣಕಾಲು ನೋವು ವಾಸಿಮಾಡು, ಊಟವಿಲ್ಲದವರಿಗೆ ಊಟ ಕೊಡು ಎಂದು ಕ್ರಮವಾಗಿಯೇ ಬಂದಳು. ಆಮೇಲೆ ಅದೇ ದನಿಯಲ್ಲಿ ಹೇಳಿದಳು:

"ಕರ್ತನೇ, ನಾ ಪಾಸ್ ಆಗೋದು ಬ್ಯಾಡ. ನನಗ ಆ ಸಾಲಿಗಿ ಹೋಗೋ ಮನಸಿಲ್ಲ. ಮಮ್ಮಿ, ಅಜ್ಜಿ ಜೋಡಿ ಇಲ್ಲೇ ಇರ್ತೇನಿ. ಯೇಸುವಿನ ಹೆಸರಿನಲ್ಲಿ ಬೇಡ್ಕೋತೇನಿ, ತಂದೆಯೇ."

ರೂಢಿಯ ಬಲ ನೋಡಿ, ಎಲ್ಲರೂ ಆಮೆನ್ ಎಂದುಬಿಟ್ಟರು. ಅಂದ ಮೇಲೆ ಕಣ್ಣು ತೆರೆದು ಒಬ್ಬರ ಮುಖ ಒಬ್ಬರು ನೋಡಿದರು. ಪಾಸ್ಟರು ಜಾಣರು, ದೇವರ ಚಿತ್ತವೇ ನೆರವೇರಲಿ ಎಂದು ಮುಗಿಸಿದರು. ಆ ದಿನ ಬಂದವರಿಗೆಂದು ಮಾಡಿದ್ದ ಚುರುಮುರಿ ಸುಸಲಾ ಅರ್ಧಕ್ಕರ್ಧ ಉಳಿಯಿತು.

ಜನ ಹೋದ ಮೇಲೆ ಅತ್ತೆ ಬೈಯುತ್ತಾರೆಂದು ಕಾದೆ. ಅವರು ಉಳಿದ ಸುಸಲಾವನ್ನು ಡಬ್ಬಿಗೆ ತುಂಬುತ್ತಿದ್ದರು. "ದೇವರ ಮುಂದ ಸುಳ್ಳು ಹೇಳಬಾರದು ಅಂತ ಕಲಿಸ್ದಾಕಿ ನಾನೇ" ಎಂದರು, ಅಷ್ಟೇ. ಶನಿವಾರ ಬಂದ ಗಂಡನಿಗೆ ಹೇಳಿದರೆ, ಬರೆಯಲಿ ಬಿಡು, ಅಷ್ಟು ಜನರಲ್ಲಿ ನಮಗೆಲ್ಲಿ ಸಿಗುತ್ತದೆ ಎಂದರು. ನಮ್ಮ ಬಾಯಿಂದ ಬರಬೇಕಾದ ಇಲ್ಲ ಎಂಬ ಮಾತನ್ನು ಪ್ರಶ್ನೆಪತ್ರಿಕೆಯೇ ಹೇಳಲಿ ಎಂದು ಮೂವರೂ ಒಪ್ಪಿಕೊಂಡೆವು.

ಪರೀಕ್ಷೆ ಮುಗಿಸಿ ಗೇಟಿನ ಹೊರಗೆ ಬಂದವಳನ್ನು ಹೇಗಾಯಿತು ಎಂದೆ. ಎಲ್ಲ ಬರೆದೆ ಎಂದಳು. ಕೇಳಬಾರದಿತ್ತು, ಕೇಳಿದೆ: ಹೋಗುವ ಮನಸ್ಸಿಲ್ಲ ಎಂದವಳು ಎಲ್ಲ ಯಾಕೆ ಬರೆದೆ?

"ಗೊತ್ತಿದ್ದೂ ತಪ್ಪು ಉತ್ತರದ ಗೋಲಾ ತುಂಬಿದ್ರ ಸುಳ್ಳು ಹೇಳ್ದಂಗ ಅಲ್ಲೇನು, ಮಮ್ಮಿ?"

ಸೀಟು ಸಿಕ್ಕಿತು. ಅದಾದ ಭಾನುವಾರ ಪಾಸ್ಟರು ಅವಳನ್ನು ಮುಂದೆ ಕರೆದು ನಿಲ್ಲಿಸಿದರು. ಸಭೆ ಎದ್ದು ನಿಂತು ಸ್ತುತಿಗೀತೆ ಹಾಡಿತು. ಹಿರಿಯ ಹೆಂಗಸರು ಕಣ್ಣೊರೆಸಿಕೊಂಡರು. ಅವರ ಸಂತೋಷದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ, ಇನ್ನು ಬೇಡ ಎನ್ನುವುದು ಕಷ್ಟವಾದದ್ದು ಅದಕ್ಕೇ. ಕೂಟಕ್ಕೆ ಬಂದಿದ್ದವರೂ ಅವಳ ಪ್ರಾರ್ಥನೆಯನ್ನು ಮರೆತವರಂತೆ ಹಾಡುತ್ತಿದ್ದರು. ಅತ್ತೆ ಮಾತ್ರ ಹಾಡಲಿಲ್ಲ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಅವಳ ತಲೆ ಬಾಚುತ್ತ ಮನಸ್ಸು ಗಟ್ಟಿ ಮಾಡಿದೆ. ಯಾರು ಏನಾದರೂ ಅನ್ನಲಿ.

"ನಿನಗ ಹೋಗೋ ಮನಸಿಲ್ಲಂದ್ರ ಬ್ಯಾಡ. ಎಲ್ಲಾರಿಗಿ ನಾ ಹೇಳ್ತೇನಿ" ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ದೊಡ್ಡವರು ಸಣ್ಣವರನ್ನು ನೋಡುವ ಹಾಗೆ ನೋಡಿದಳು.

"ಎಲ್ಲಾರೂ ದೇವರಿಗಿ ಸ್ತೋತ್ರ ಹೇಳಿ ಮುಗ್ಸ್ಯಾರ. ಈಗ ನಾ ಹೋಗಲ್ಲ ಅಂದ್ರ ಅಜ್ಜಿ ಚರ್ಚಿಗಿ ಹ್ಯಾಂಗ ಹೋಗಬೇಕು?"

ಅವಳು ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡಳು.

"ಹೆರಳು ಹಾಕ್ಕೋಳೋದು ಕಲಿಸು, ಮಮ್ಮಿ. ಅಲ್ಲಿ ನಂದು ನಾನೇ ಹಾಕ್ಕೋಬೇಕು."