ಬಣ್ಣದವನ ಉಗುರು

ನಮ್ಮ ಅಜ್ಜಿಗೆ ರೋಮ್ ಎಲ್ಲಿದೆಯೆಂದು ಗೊತ್ತಿರಲಿಲ್ಲ; ಅಲ್ಲಿನ ಪತ್ತೇದಾರನ ಹಲ್ಲುನೋವು ಮಾತ್ರ ಚೆನ್ನಾಗಿ ಗೊತ್ತಿತ್ತು. ಪೋತ್ತನೂರಿನ ರೈಲ್ವೆಯಲ್ಲಿದ್ದ ಸೋದರಮಾವ ಉಡುಮಲೈಪೇಟೆಯ ನಮ್ಮ ಮನೆಗೆ ಬಂದಾಗಲೆಲ್ಲ ಒಂದು ಪತ್ತೇದಾರಿ ಸರಣಿಯ ಇಂಗ್ಲಿಷ್ ಪುಸ್ತಕ ತರುತ್ತಿದ್ದರು. ಎರಡು ಸಾವಿರ ವರ್ಷದ ಹಿಂದಿನ ರೋಮ್, ಅಲ್ಲೊಬ್ಬ ಪತ್ತೇದಾರ. ಕೊಲೆಗಡುಕರಿಗೆ ಹೆದರದ ಪುಣ್ಯಾತ್ಮ ಅತ್ತಿಗೆಯ ಬಾಯಿಗೆ ಹೆದರಿ ಹಿತ್ತಿಲ ಗೋಡೆ ಹಾರುತ್ತಿದ್ದ. ಮಧ್ಯಾಹ್ನ ಅಜ್ಜಿ ಮಗ್ಗದಲ್ಲಿ ಲಾಳಿ ಓಡಿಸುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಓದಿಕೊಂಡು, ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಹೇಳುತ್ತಿದ್ದೆ.

"ಲವಂಗ ಕಚ್ಕೊ ಅಂತ ಹೇಳೇ ಅವನಿಗೆ," ಅನ್ನುತ್ತಿದ್ದಳು ಅಜ್ಜಿ, ಅವನು ಪಕ್ಕದ ಬೀದಿಯವನೇನೋ ಎಂಬಂತೆ.

ಆ ವರ್ಷ ನನ್ನ ಪ್ಲಸ್ ಟು ಮುಗಿದಿತ್ತು. ಕೊಯಮತ್ತೂರಿನ ಕಾಲೇಜಿಗೆ ಸೇರಲೇಬೇಕೆಂದು ನನಗೆ; ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಅಪ್ಪನಿಗೆ ಮನಸ್ಸಿಲ್ಲ. ಅಜ್ಜಿ ಒಂದು ಮಾತು ಹೇಳಿದರೆ ಅಪ್ಪ ಎದುರಾಡುತ್ತಿರಲಿಲ್ಲ. ಗೋಗರೆದೆ, ಮುನಿಸಿಕೊಂಡೆ, ಒಂದು ಹೊತ್ತು ಊಟ ಬಿಟ್ಟೆ. ಕೊನೆಗೆ ಅವಳೇ ಪಂದ್ಯ ಕಟ್ಟಿದಳು.

"ಈ ಕತೇಲಿ ಕೊಂದವನ್ನ ನಾನು ಹಿಡ್ದ್ರೆ ನಿಮ್ಮಪ್ಪನ ಹತ್ರ ಪೇಸ್ತೀನಿ. ಇಲ್ಲಾಂದ್ರೆ ಇಲ್ಲ."

ಕತೆಯಲ್ಲಿ ಸತ್ತವನು ಜವಳಿ ವ್ಯಾಪಾರಿ. ಎರಡನೇ ದಿನವೇ ಅಜ್ಜಿ ನೂಲಿಗೆ ಬಣ್ಣ ಅದ್ದುವವನ, ನಮ್ಮ ಕಡೆಯ ಮಾತಲ್ಲಿ ಸಾಯಕ್ಕಾರನ, ಮೇಲೆ ಬೆರಳಿಟ್ಟಳು. "ಸಾಯಕ್ಕಾರನ ಉಗುರು ಅಷ್ಟು ಸುದ್ದ ಇರ್ತದಾ? ಅವ ಸಾಯಕ್ಕಾರನೇ ಅಲ್ಲ. ಎಲ್ಲಾ ವೇಷ!"

ಪುಸ್ತಕದಲ್ಲಿ ಅವನು ಚೆಲುವನೆಂದಷ್ಟೇ ಇತ್ತು. ಶುದ್ಧ ಉಗುರು ನನ್ನ ಸ್ವಂತ ಒಗ್ಗರಣೆ! ಕೊನೆಯ ಅಧ್ಯಾಯ ಕದ್ದು ಓದಿ ನೋಡಿದರೆ ಕೊಂದವನು ಬೇರೆಯೇ. ಮರುದಿನ ಪುಸ್ತಕದ ಮೇಲೇ ಕಣ್ಣು ನೆಟ್ಟುಕೊಂಡು, ಆ ಬಡಪಾಯಿ ಬಣ್ಣದವನನ್ನು ಚಕ್ರವರ್ತಿಯ ಮುಂದೆ ಎಳೆದುತಂದು ತಪ್ಪೊಪ್ಪಿಸಿಬಿಟ್ಟೆ. ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. ಸಂಜೆಯೇ ಅಪ್ಪನನ್ನು ಕೂರಿಸಿಕೊಂಡು ಮಾತಾಡಿದಳು.

ಕಾಲೇಜಿಗೆ ಹೊರಡುವ ದಿನ ಅವಳ ಕಾಲಿಗೆ ಬಿದ್ದಾಗ ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಆ ಕತೆ ಕೊನೆ ನಾ ಹೇಳಿದ್ದು ಸುಳ್ಳು."

"ಗೊತ್ತು," ಅಂದಳು. "ಅವತ್ತು ನಾನು ಒಂದು ಗೇಣು ನೇಯೋಗಂಟ ನೀನು ಒಂದು ಹಾಳೆನೂ ತಿರುವಲಿಲ್ವಲ್ಲೇ."

"ಮತ್ತೆ ಅಪ್ಪನ ಹತ್ರ ಯಾಕೆ ಹೇಳ್ದೆ?"

"ನೀನು ಓದ್ಬೇಕು ಅಂತ ನಿನಗೊಬ್ಬಳಿಗೇನಾ ಆಸೆ?"

ಅಳುವೂ ನಗುವೂ ಒಟ್ಟಿಗೇ ಬಂದವು. ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಪೆಟ್ಟಿಗೆ ಎತ್ತಿಕೊಂಡು ಬೀದಿಗಿಳಿದರು. ನಾನೂ ಹೊಸಿಲು ದಾಟುತ್ತಿದ್ದೆ. ಅಜ್ಜಿ ದಾವಣಿಯ ತುದಿ ಹಿಡಿದು ಜಗ್ಗಿ, ಅಪ್ಪನಿಗೆ ಕೇಳಿಸದಂತೆ ಪಿಸುಗುಟ್ಟಿದಳು:

"ಇರೇ, ಎರಡು ತಿಂಗಳಿಂದ ತಡ್ಕಂಡಿದೀನಿ. ನಿಜಕ್ಕೂ ಕೊಂದೋನು ಯಾರೇ?"