ಮಂಡಿಯೋ ಮಂಡೈಯೋ

ಸೇಲಂನ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಟಗಾರರ ಕಾಲು ಉಜ್ಜುವುದು ಎಲ್ಲಪ್ಪನ ಕೆಲಸ. ಕಾರಿಮಂಗಲಂನಿಂದ ಬಂದು ಇಪ್ಪತ್ತೆರಡು ವರ್ಷ ಉಜ್ಜಿದ್ದಾನೆ. ಸಂಬಳಕ್ಕೆ ಆಡುವವರು ವರ್ಷಕ್ಕೆ ತಲಾ ಎರಡು ಸಲವಾದರೂ ಅವನ ಬೆಂಚಿನ ಮೇಲೆ ಮಲಗಿ ನರಳುತ್ತಾರೆ. ಹೆಚ್ಚಿನವರದು ತೊಡೆಯ ಹಿಂಭಾಗ, ಆಮೇಲೆ ಕಣಕಾಲು, ಮಂಡಿ. ಅಭ್ಯಾಸಕ್ಕಿಂತ ಪಂದ್ಯದಲ್ಲೇ ಬೀಳುವುದು ಜಾಸ್ತಿ. ತಲೆಗೆ ಪೆಟ್ಟಾಗುವುದು ಅಪರೂಪ. ತಲೆ ಉಪಯೋಗಿಸುವವರೇ ಅಲ್ಲಿ ಅಪರೂಪ ಎನ್ನುವುದು ಎಲ್ಲಪ್ಪನ ಖಚಿತ ಅಭಿಪ್ರಾಯ.

ಮ್ಯಾನೇಜರ್ ಪ್ರಭಾಕರನನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ಆ ಮಹಾಶಯ ಒಂದು ದಿನವೂ ಚೆಂಡು ಒದ್ದವನಲ್ಲ. ಕತ್ತಿಗೆ ಸೀಟಿ ನೇತುಹಾಕಿಕೊಂಡು ಎಲ್ಲ ಬಲ್ಲವನಂತೆ ಓಡಾಡುತ್ತಾನೆ. ಗಾಯದ ರಿಜಿಸ್ಟರ್ ಅವನ ಕೈಯಲ್ಲಿದೆ. ಅವನು ಬರೆದ ಗಾಯಕ್ಕೆ ಮಾತ್ರ ಕ್ಲಬ್ಬು ಚಿಕಿತ್ಸೆ ಕೊಡಿಸುತ್ತದೆ. ಬರೆಯದ ಗಾಯದವನು ಗಂಟುಮೂಟೆ ಕಟ್ಟಬೇಕು.

ತಂಡಕ್ಕೆ ಗೋಲು ಹೊಡೆದುಕೊಡುವ ಮಾದೇಶ್ ನಲ್ಲಂಪಳ್ಳಿ ಕಡೆಯವನು. ಮನೆಮಾತು ಕನ್ನಡವಾದರೂ ಕ್ಲಬ್ಬಿನಲ್ಲಿ ತಮಿಳು ಬಿಟ್ಟು ಒಂದಕ್ಷರ ಆಡುತ್ತಿರಲಿಲ್ಲ. ದೊಡ್ಡ ಮನುಷ್ಯ ಎಂದು ಎಲ್ಲಪ್ಪ ಮೂಗು ಮುರಿಯುತ್ತಿದ್ದ. ಕಳೆದ ವಾರದ ಪಂದ್ಯದಲ್ಲಿ ಎದುರಾಳಿಯ ಬೂಟು ತಗುಲಿ ಬಿದ್ದಾಗ ಆ ತಮಿಳೆಲ್ಲ ಎಲ್ಲಿ ಹೋಯಿತೋ!

"ಅಯ್ಯಯ್ಯೋ, ಮಂಡಿ! ನನ್ ಮಂಡಿ!"

ಪ್ರಭಾಕರನಿಗೆ ಕನ್ನಡ ಬಾರದು. ತಮಿಳಿನಲ್ಲಿ ಮಂಡೈ ಎಂದರೆ ತಲೆ. ಓಡಿಹೋಗಿ ಮಾದೇಶನ ತಲೆಗೆ ಬಾಟಲಿ ನೀರು ಸುರಿದ, ನೆತ್ತಿ ತಡವಿದ. ರಕ್ತವಿಲ್ಲ. "ಒಣ್ಣುಮಿಲ್ಲೆ, ಎಂದಿರಿ!" ಏನೂ ಆಗಿಲ್ಲ, ಏಳು ಎಂದು ಕೈ ಹಿಡಿದು ಎಬ್ಬಿಸಿದ.

ಎಲ್ಲಪ್ಪ ಗೆರೆಯಾಚೆಯಿಂದ ಅರಚಿದ. "ಸಾರ್, ಮಂಡೈ ಇಲ್ಲೆ, ಮುಟ್ಟಿ! ಮುಟ್ಟಿ! ಲೇ ಮಾದೇಶ, ಏಳ್ಬೇಡ ಕಣ್ಲಾ!" ಮುಟ್ಟಿ ಎಂದರೆ ತಮಿಳರ ಮಂಡಿ.

"ನೀ ಎಣ್ಣೆಯ ಪಾರು," ಎಂದ ಪ್ರಭಾಕರ. ನಿನ್ನ ಎಣ್ಣೆ ನೋಡಿಕೋ ಎಂದರ್ಥ. ತಂಡದಲ್ಲಿ ಜಾಗ ಹೋದೀತೆಂಬ ಭಯಕ್ಕೆ ಮಾದೇಶ್ ನಾಲ್ಕು ಹೆಜ್ಜೆ ಓಡಿದ. ಐದನೆಯದಕ್ಕೆ ಕಾಲು ತಿರುಚಿ ಕುಸಿದುಬಿದ್ದ. ಆದರೂ ರಿಜಿಸ್ಟರಿನಲ್ಲಿ ಪ್ರಭಾಕರ ಬರೆದದ್ದು ಇಷ್ಟೇ: ತಲೆಗೆ ಪೆಟ್ಟು, ಗುಣವಾಗಿದೆ.

ಭಾನುವಾರ ಕ್ಲಬ್ಬಿನ ಸಭೆ. ಮಾದೇಶ್ ಕೋಲೂರಿಕೊಂಡು ಬಂದು ಎಲ್ಲಪ್ಪನ ಪಕ್ಕ ಕುಳಿತ. "ಮಾಮಾ, ತಲೆಗೆ ಆಪರೇಷನ್ ಬೇಕಿಲ್ಲ, ಮನೆಗೆ ಓಗು ಅಂತಾರೆ. ಕಾಲು ಊರಕ್ಕೇ ಆಗ್ತಿಲ್ಲ," ಎಂದ, ಕನ್ನಡದಲ್ಲೇ. ಎಲ್ಲಪ್ಪ ಅವನ ಕಾಲನ್ನು ಮೆಲ್ಲನೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ಪ್ರಭಾಕರ ಎದ್ದು ವರದಿ ಓದತೊಡಗಿದ. ಈ ವರ್ಷ ನಮ್ಮ ತಂಡದಲ್ಲಿ ಮಂಡಿಯ ಗಾಯ ಒಂದೂ ಇಲ್ಲವೆಂದು ಬೀಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಲ್ಲಪ್ಪ ಮಾದೇಶನನ್ನು ಮುಂದಕ್ಕೆ ಕರೆದುಕೊಂಡು ಹೋಗಿ ಅಧ್ಯಕ್ಷರ ಎದುರಿಗೇ ಅವನ ಪ್ಯಾಂಟು ಮೇಲಕ್ಕೆ ಮಡಚಿದ. ಮಂಡಿ ಹಲಸಿನಕಾಯಿಯ ಹಾಗೆ ಊದಿಕೊಂಡಿತ್ತು.

"ಇದು ಯಾರೋಡ ಮಂಡೈ ಸಾರ್?" ಇದು ಯಾರ ತಲೆ ಎಂದು ಪ್ರಭಾಕರನನ್ನೇ ಕೇಳಿದ.

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ, ರಿಜಿಸ್ಟರ್ ತರಿಸಿ ಪ್ರಭಾಕರನ ಮುಂದಿಟ್ಟರು. ಅಷ್ಟು ಜನರ ಎದುರಿಗೆ ಅವನು ತಲೆ, ಗುಣವಾಗಿದೆ ಎಂಬೆರಡನ್ನೂ ಹೊಡೆದುಹಾಕಿ ಮುಟ್ಟಿ ಎಂದು ಬರೆದ. ಎಲ್ಲಪ್ಪನಿಗೆ ಒಂಚೂರೂ ಕನಿಕರ ಹುಟ್ಟಲಿಲ್ಲ.