ಅಂಗಾಲಿನ ಬ್ರೇಕು

ಹೋದ ತಿಂಗಳು ಹೆಣ್ಣು ನೋಡಲು ಹೋಗಿ, ನಾನೇ ಅವರ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದು ತೋರಿಸಿ ಬಂದೆ. ನಗಬೇಡಿ. ಕಥೆ ಕೇಳಿ.

ಹೆಣ್ಣು ಮಿರ್ಲೆಯದು. ಸೋದರಮಾವ ಬೆಳಿಗ್ಗೆಯೇ ಗಾಡಿ ಕಟ್ಟಿಸಿಕೊಂಡು ಮುಂದೆ ಹೋದರು. ಮಿಡ್ಲ್ ಸ್ಕೂಲಿನ ಸೈನ್ಸ್ ಮೇಷ್ಟ್ರು ಎತ್ತಿನ ಗಾಡಿಯಲ್ಲಿ ಹೋಗುವುದೆ? (ಜಂಭ ಅಂದರೆ ಇದೇ.) ಕೃಷ್ಣರಾಜನಗರದಲ್ಲಿ ಬಾಡಿಗೆ ಸೈಕಲ್ ಹಿಡಿದೆ.

“ಬ್ರೇಕು ಇಡಿಯಾಕಿಲ್ಲ ಕಣ್ರೀ ಮೇಷ್ಟ್ರೆ,” ಎಂದ ಅಂಗಡಿಯವನು. “ಇಳಿಜಾರು ಬಂದ್ರೆ ಇಳ್ಕಂಡ್ಬುಡಿ.”

ಇಳಿಯುವುದೆ? ಹೊಸ ಕೋಟು ಹಾಕಿಕೊಂಡು ಸೈಕಲ್ ತಳ್ಳುವುದೆ?

ಊರ ಹತ್ತಿರದ ಇಳಿಜಾರಿನಲ್ಲಿ ಸೈಕಲ್ ಕೈಮೀರಿತು. ಎದುರಿಗೆ ಕುರಿಮಂದೆ. ಬಲಗಾಲನ್ನು ಮುಂದಿನ ಟೈರಿಗೆ ಒತ್ತಿದೆ. ಚಪ್ಪಲಿ ಹಾರಿಹೋಯಿತು. ಬರಿಗಾಲನ್ನೇ ಒತ್ತಿದೆ. ಸೈಕಲ್ ನಿಂತಿತು, ಕುರಿಗಳು ಬದುಕಿದವು, ಅಂಗಾಲಿನಲ್ಲಿ ಬೊಬ್ಬೆ ಎದ್ದಿತು. ಓಟದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ತಡೆದರೆ ಕಾವಾಗುತ್ತದೆ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಆ ಕಾವು ಇಷ್ಟು ಉರಿಯುತ್ತದೆ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಹೆಣ್ಣಿನ ಮನೆಯ ಮೆಟ್ಟಿಲನ್ನು ಕುಂಟುತ್ತ ಹತ್ತಿದೆ. ಹುಡುಗಿಯ ಅಜ್ಜಿ ಮಗನ ಕಡೆ ತಿರುಗಿ, “ಹುಡ್ಗ ಕುಂಟ್ತಾನಲ್ಲ ಕಣ್ಲಾ,” ಎಂದರು. ಮಾವ ಬೆವರಿದರು. ನಾನಂತೂ ಬಾಗಿಲ ಸಂದಿಯಲ್ಲಿ ಹುಡುಗಿಯನ್ನು ಕಂಡು ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. (ಇದನ್ನು ಮಾವನಿಗೆ ಹೇಳಬೇಡಿ.)

“ಒಸಿ ಅಂಗೇ ಓಡಾಡಪ್ಪ, ನೋಡಾನ,” ಎಂದರು ಅಜ್ಜಿ.

ಓಡಾಡಿದೆ. ಕುಂಟಿದೆ. ಕುಂಟುತ್ತಲೇ ಬ್ರೇಕಿಲ್ಲದ ಸೈಕಲ್, ವೇಗ, ಘರ್ಷಣೆ, ಶಾಖ ಎಂದು ಇಡೀ ಪಾಠ ಒಪ್ಪಿಸಿದೆ.

ಬಾಗಿಲ ಹಿಂದಿನಿಂದ ಹುಡುಗಿ ಕೇಳಿದಳು: “ಬ್ರೇಕಿಲ್ಲ ಅಂತ ಯಾವಾಗ ಗೊತ್ತಾಯ್ತಂತೆ?”

“ಬಾಡಿಗೆಗೆ ತಗೊಳ್ಳೋವಾಗಲೇ,” ಎಂದೆ. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

ಉಪ್ಪಿಟ್ಟು ಬಂತು, ತಿಂದೆವು. ಹೊರಡುವಾಗ ಹುಡುಗಿಯ ತಂದೆ ಕೈಮುಗಿದು, “ಊರ್ಗೋಗಿರಿ ಸ್ವಾಮಿ. ಮನೇಲಿ ಮಾತಾಡ್ಕಂಡು ಕಾಗ್ದ ಬರೀತೀವಿ,” ಎಂದರು.

ಸೈಕಲ್ಲನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಬರುವಾಗ ಮಾವ ದಾರಿಯುದ್ದಕ್ಕೂ ಗುಡುಗಿದರು. “ಕಾಗ್ದ ಬರೀತೀವಿ ಅನ್ನೋದು ಗಂಡಿನ ಕಡೆಯೋರ ಮಾತು ಕಣೋ. ಅವರ್ಯಾರು ಅನ್ನಾಕೆ?”

ನಿಜ. ಇದಕ್ಕೆ ಮುಂಚೆ ನಾಲ್ಕು ಮನೆಗಳಲ್ಲಿ ಹುಡುಗಿಯರನ್ನು ನಡೆಸಿ ನೋಡಿ, ಉಪ್ಪಿಟ್ಟು ತಿಂದು, ನಾವೇ ಹೇಳಿ ಬಂದ ಮಾತು ಅದು.

ಮೂರು ವಾರವಾಯಿತು. ಬೊಬ್ಬೆ ವಾಸಿಯಾಗಿದೆ. ಟಪಾಲಿನವನು ಬರುವ ಹೊತ್ತಿಗೆ ದಿನಾ ಬಾಗಿಲಲ್ಲಿ ನಿಲ್ಲುತ್ತೇನೆ, ಅವನು ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಅಂದಹಾಗೆ, ಆ ನಾಲ್ಕು ಮನೆಗಳಿಗೆ ನಾವು ಕಾಗದ ಬರೆದೆವೇ?